ಸಂಜೆಯ ಎಂಜಿನ್ ನಿಂತ ವರ್ಷ

ಚಿಕ್ಕೇರೂರಿನಿಂದ ಸವಣೂರಿಗೆ ಸೊಸೆಯಾಗಿ ಬಂದ ಮೊದಲ ವರ್ಷ ನನಗೆ ಎಂಜಿನ್ನಿನ ಸದ್ದಾಗಿಯೇ ನೆನಪಿದೆ. ನನ್ನ ಗಂಡ ಊರಿನ ಪಂಪಿನ ಮನೆಯಲ್ಲಿ ಡೀಸೆಲ್ ಎಂಜಿನ್ ನಡೆಸುತ್ತಿದ್ದರು. ಬೆಳಿಗ್ಗೆ ಬಾವಿಯ ನೀರನ್ನು ದಿಬ್ಬದ ಮೇಲಿನ ಟಾಕಿಗೆ ಏರಿಸಿದರೆ ದಿನಕ್ಕೆ ಸಾಕಾಗಬೇಕಿತ್ತು. ಆದರೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ಟಾಕಿ ಬರಿದು. ಸಂಜೆ ಮತ್ತೆ ಎಂಜಿನ್. ದೀಪ ಹಚ್ಚಿ, ರೊಟ್ಟಿ ಬಡಿದಿಟ್ಟು, ಬಾಗಿಲಲ್ಲಿ ಕೂತು ಆ ದುಡುದುಡು ಕೇಳುತ್ತಿದ್ದೆ. ಅದು ನಿಲ್ಲುವತನಕ ಅವರು ಬರುವವರಲ್ಲ.

ಎಣ್ಣೆ ಬಹಳ ಸುಡುತ್ತದೆಂದು ಮೇಲಧಿಕಾರಿಗಳಿಗೆ ಚಿಂತೆ. ಇದು ಸಣ್ಣದಾಯಿತೆಂದು ದೊಡ್ಡ ಎಂಜಿನ್ ತರುವ ಮಾತೂ ನಡೆದಿತ್ತು.

“ಎಂಜಿನ್ ಸಣ್ಣದಲ್ಲ,” ಎಂದರು ನನ್ನ ಗಂಡ ಒಂದು ದಿನ ಊಟಕ್ಕೆ ಕೂತಾಗ. “ನೀರು ಎಲ್ಲೋ ನೆಲಕ್ಕ ಹೊಂಟೈತಿ. ಕಿವಿಗೊಟ್ಟು ಕೇಳಿದೆ, ತಿಳಿವಲ್ದು. ಎಂಜಿನ್ ಬಾಜೂಕ ನಿಂತು ನನ್ನ ಕಿವಿ ಮಂದ ಆಗ್ಯಾವ.”

“ನಾ ಬರ್ತೇನ್ರಿ.”

“ಇಂಥಾ ಬಿಸಲಾಗ?”

“ಸಂಜಿಗೆ ನೀವು ಮನಿಗೆ ಬರೂದಾದ್ರ ಬಿಸಲು ಏನ್ ಮಾಡ್ತೈತಿ?”

ಬೀದಿಯ ನಳಗಳು ಬಂದ್ ಆಗಿರುವ ಮಧ್ಯಾಹ್ನ ಹೊರಟೆವು. ಆಗ ಕೊಳವೆಯೊಳಗಿನ ನೀರು ಸುಮ್ಮನಿರಬೇಕು. ಹರಿಯುವ ಸದ್ದು ಬಂದಲ್ಲಿ ಸೋರಿಕೆ. ಅವರು ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಊರುವರು. ನಾನು ಬಿಸಿಲಿಗೆ ಕಾದ ಅದರ ಮೇಲ್ತುದಿಗೆ ಸೆರಗಿನ ಮಡಿಕೆ ಇಟ್ಟು ಕಿವಿ ಒತ್ತುವೆ. ಮೊದಲು ಕೇಳಿದ್ದು ನನ್ನದೇ ಎದೆಬಡಿತ. ಆಮೇಲೆ ಎಲ್ಲೋ ಬಂಡಿಯ ಗಾಲಿ, ಯಾರದೋ ಮನೆಯ ಬೀಸುಕಲ್ಲು. ಊರೆಲ್ಲ ಮಲಗಿದಂತಿತ್ತು. ನಮ್ಮ ಕಾಲಡಿಯಲ್ಲಿ ಇನ್ನೊಂದು ಊರಿದ್ದು, ಅದು ಮಾತ್ರ ಎಚ್ಚರವಾಗಿದೆಯೆಂದು ಅನಿಸುತ್ತಿತ್ತು. ಹಾಗೆ ಬಹಳ ದಿನ ಅಲೆದೆವು. ಸೋರಿಕೆ ಸಿಗದಿದ್ದರೂ ಜೊತೆಯಲ್ಲಿ ನಡೆಯುವುದೇ ಸುಖವಾಗಿತ್ತು.

ಕೊನೆಗೆ ವೀಳ್ಯದೆಲೆಯ ಬಳ್ಳಿ ತೋಟವೊಂದರ ಬೇಲಿಯ ಹತ್ತಿರ ಕೇಳಿಸಿತು: ಮೊರದಿಂದ ಜೋಳ ಸುರಿದಂತೆ, ಸುರಿದು ಮುಗಿಯದಂತೆ. ನಾನು ಕಣ್ಣು ಮುಚ್ಚಿ ಹಾಗೇ ನಿಂತುಬಿಟ್ಟೆ.

ತೋಟದ ಮುದುಕಿ ಹೊರಗೆ ಬಂದು, “ಏನ್ ಕೇಳಾಕತ್ತೀಯವ್ವ?” ಎಂದಳು. ಸಲಾಕೆ ಕೊಟ್ಟೆ. ಅವಳೂ ಕಿವಿ ಇಟ್ಟು ಬಹಳ ಹೊತ್ತು ಕೇಳಿದಳು.

“ಈ ಬಳ್ಳಿ ಸಾಲಿಗೆ ನಾ ನೀರು ಹಾಕಿದ್ದಿಲ್ಲ,” ಎಂದಳು ಮೆಲ್ಲಗೆ. “ನೆಲ ತಂಪೈತಿ, ನಮ್ಮ ಅತ್ತಿ ಪುಣ್ಯ ಅಂತ ತಿಳದಿದ್ದೆ.”

ನನ್ನ ಗಂಡ, “ಇದನ್ನ ಹಿಂಗ ಸೋರಾಕ ಬಿಡಾಕ ಬರಂಗಿಲ್ರಿ, ಆಯಿ,” ಎಂದರು.

“ಮುಚ್ಚಪಾ. ಊರ ನೀರದು.”

ಮರುದಿನ ಅಗೆದು ನೋಡಿದರೆ ಕೊಳವೆಗಳು ಕೂಡುವಲ್ಲಿ ಸೀಸ ಸಡಿಲಾಗಿತ್ತು. ಹೊಸ ಸೀಸ ಕಾಸಿ ಹೊಯ್ದು ಮುಚ್ಚಿದರು. ಅಂದಿನಿಂದ ಬೆಳಗಿನ ನೀರು ಸಂಜೆಯವರೆಗೂ ಟಾಕಿಯಲ್ಲಿ ಉಳಿಯತೊಡಗಿತು. ದೊಡ್ಡ ಎಂಜಿನ್ನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಸಂಜೆಯ ಎಂಜಿನ್ ನಿಂತ ಮೊದಲ ದಿನ, ಇನ್ನೂ ಬೆಳಕಿರುವಾಗಲೇ ನನ್ನ ಗಂಡ ಮನೆಗೆ ಬಂದರು. ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ಸುಮ್ಮನೆ ನಿಂತಿದ್ದರು.

ಮುದುಕಿಯ ಆ ಸಾಲು ಬಾಡತೊಡಗಿದಾಗ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಹೋಗಿ ಅವಳ ಬಾವಿಯಿಂದ ನೀರು ಸೇದಿಕೊಡುತ್ತಿದ್ದೆ. ಅವಳು ಬೇಡವೆನ್ನಲಿಲ್ಲ, ಕೊಡ ಹೊತ್ತು ಸಾಲಿಗೆ ಹಾಕುತ್ತಿದ್ದಳು. ಬಳ್ಳಿಗಳ ಹಸಿರು ನೆರಳಲ್ಲಿ ಕೊಡ ಇಳಿಸುವಾಗ ಅವಳ ಬಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಎರಡು ಮಳೆ ಬಿದ್ದ ಮೇಲೆ ಬಳ್ಳಿ ಚಿಗುರಿತು. ಅಂದು ಅವಳು ಎಳೆಯ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, “ಇಬ್ರೂ ಕೂಡೇ ತಿನ್ರಿ,” ಎಂದಳು.