ಒಂದೇ ಮಾತಿಗೆ ಸುಮ್ಮನಾದವರು

ಆ ಬೀದಿಯಲ್ಲಿ ಡ್ರೈವಿಂಗ್ ಮೇಷ್ಟ್ರ ತಾಳ್ಮೆಗೆ ದೊಡ್ಡ ಹೆಸರು. ಕಲಿಯಲು ಬಂದವರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದು ಕಾರನ್ನು ಕಾಂಪೌಂಡಿಗೆ ಗುದ್ದಿಸಿದರೂ “ಪರವಾಗಿಲ್ಲಮ್ಮ, ಗೋಡೆಗೇನೂ ಆಗಿಲ್ಲ” ಎನ್ನುವ ಮನುಷ್ಯ. ಆ ತಾಳ್ಮೆಯೆಲ್ಲ ಬೀದಿಯಲ್ಲೇ ಖರ್ಚಾಗಿ, ಮನೆಗೆ ಬರುವ ಹೊತ್ತಿಗೆ ಮೂಗಿನ ತುದಿಯ ಕೋಪವೊಂದೇ ಉಳಿದಿರುತ್ತಿತ್ತು. ಅಡುಗೆಮನೆಯಲ್ಲಿ ಮಾತು ಜೋರಾದರೆ “ಸಾಕು!” ಮಗಳು ಬಿದ್ದು ಬಿದ್ದು ನಕ್ಕರೆ “ಸಾಕು!” ಯಾರ ಮೇಲೂ ಕೈ ಎತ್ತಿದವರಲ್ಲ ಮಹಾರಾಯರು, ಅದನ್ನೇ ತಮ್ಮ ದೊಡ್ಡತನವೆಂದು ತಿಳಿದಿದ್ದರು.

ಹೆಂಡತಿಯ ತಮ್ಮ ಒಮ್ಮೆ ಎಲ್ಲರನ್ನೂ ಕೆರೆಯಂಚಿಗೆ ಟೆಂಟ್ ಹಾಕಲು ಕರೆದ. ಮನೆಯ ನಾಯಿಯನ್ನೂ ತರಬಹುದು, ಆದರೆ ಅದು ಬೊಗಳಿ ಪಕ್ಕದ ಟೆಂಟಿನವರ ನೆಮ್ಮದಿ ಕೆಡಿಸಿದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು ಎಂದು ಅಲ್ಲಿನ ಕಾವಲುಗಾರ ಮೊದಲೇ ಹೇಳಿದ್ದ. ಅದಕ್ಕೆಂದೇ ಮಗಳು ಮನೆಯ ಮುಂದೆ ಹಳೆಯ ಕಂಬಳಿ ಹಾಸಿ, ನಾಯಿ ಅದರ ಮೇಲೆ ಸುಮ್ಮನೆ ಮಲಗಿದಾಗಲೆಲ್ಲ ಬಿಸ್ಕತ್ತಿನ ಚೂರು ಕೊಟ್ಟು ರೂಢಿ ಮಾಡಿಸಿದ್ದಳು. ಹೊರಡುವಾಗ ಮೇಷ್ಟ್ರು ಆ ಕಂಬಳಿಯನ್ನು ಡಿಕ್ಕಿಯಿಂದ ತೆಗೆದು ಹೊರಗೆ ಹಾಕಿದರು. “ನಾಯಿಗೆ ಹಾಸಿಗೆ ಬೇರೆ ಕೇಡು!”

ಕೆರೆಯಂಚಿನಲ್ಲಿ ನಾಯಿಗೆ ಎಲ್ಲವೂ ಹೊಸದು. ಗಾಳಿಗೆ ಟೆಂಟಿನ ಬಟ್ಟೆ ಪಟಪಟ ಎಂದರೆ ಬೊಗಳಿತು, ಯಾರೋ ಸೌದೆ ಹೊತ್ತು ಹೋದರೆ ಬೊಗಳಿತು. ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಲೇ ಇದ್ದಳು. ಕಾವಲುಗಾರ ಬಂದು, “ಇನ್ನೊಂದ್ಸಲ ಆದ್ರೆ ನೀವು ಹೊರಡಿ ಸಾರ್” ಎಂದು ಹೋದ. ಅಷ್ಟರಲ್ಲಿ ನಾಯಿ ಮತ್ತೆ ಬಾಯಿ ತೆಗೆಯಿತು.

“ಸಾಕು!” ಎಂದರು ಮೇಷ್ಟ್ರು.

ನಾಯಿ ಬಾಲ ಮುದುರಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಿತು. ಒಂದು ಸದ್ದಿಲ್ಲ.

“ಭಾವ, ಒಂದೇ ಮಾತು! ಹೇಗ್ ಕಲಿಸಿದ್ರಿ ಇದಕ್ಕೆ?” ಎಂದು ಬಾಮೈದ ಬೆರಗಾದ. ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಬಾಮೈದ ಅಕ್ಕನ ಕಡೆ ತಿರುಗಿದ. ಅವಳು ಚಿಕ್ಕಂದಿನ ಯಾವುದೋ ಪ್ರಸಂಗ ಹೇಳಿ ನಗಿಸುತ್ತಿದ್ದವಳು ಅರ್ಧ ಮಾತಿಗೇ ನಿಂತಿದ್ದಳು. ನಾಯಿಯ ಬೆನ್ನ ಮೇಲಿದ್ದ ಮಗಳ ಕೈಯೂ ನಿಂತಿತ್ತು.

“ಅಕ್ಕ, ನೀನ್ಯಾಕೆ ನಿಲ್ಸಿದೆ? ಭಾವ ಹೇಳಿದ್ದು ನಾಯಿಗಲ್ವಾ?”

“ಅಭ್ಯಾಸ ಕಣೋ” ಎಂದಳು ಅವಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ, ದೂರೂ ಇರಲಿಲ್ಲ.

ಮೇಷ್ಟ್ರಿಗೆ ಕಿವಿಯವರೆಗೂ ಬಿಸಿಯೇರಿತು. ಬಾಮೈದನ ಎದುರು ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಹೆಂಡತಿಯ ಮುಖ ನೋಡುವುದಂತೂ ಆಗಲೇ ಇಲ್ಲ. ಇಷ್ಟು ವರ್ಷ ಮನೆಯಲ್ಲಿದ್ದದ್ದು ನೆಮ್ಮದಿಯೆಂದು ನಂಬಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದರು. ಅದು ಇನ್ನಷ್ಟು ಮುದುರಿಕೊಂಡಿತು.

“ಪುಟ್ಟಿ, ಇದನ್ನ ಸಮಾಧಾನ ಮಾಡೋದು ಹೇಗೆ? ನಂಗೂ ಹೇಳ್ಕೊಡು.”

ಮಗಳು ಅವರಿಗೆ ನೋವಾಗದ ಹಾಗೆ ಮೆತ್ತಗೆ ಹೇಳಿದಳು. “ನೀವು ಸ್ವಲ್ಪ ಆ ಕಡೆ ಹೋಗಿರಿ ಅಪ್ಪ. ಅದು ಸರಿಹೋಗುತ್ತೆ.”

ಮೇಷ್ಟ್ರು ಎದ್ದು ಕಾರಿನ ಆಚೆ ಹೋಗಿ ಕೂತರು. ತುಸು ಹೊತ್ತಿಗೆ ನಾಯಿ ಎದ್ದು ಮೈ ಕೊಡವಿದ ಸದ್ದು ಕೇಳಿಸಿತು. ಆಮೇಲೆ ಹೆಂಡತಿ, ನಿಲ್ಲಿಸಿದ್ದ ಪ್ರಸಂಗವನ್ನು ಮುಂದುವರಿಸಿದಳು.