ಕುರ್ಚಿಗೊಂದು ಎಲೆ ಅಡಿಕೆ

ತೊಂಬತ್ತೈದನೇ ಇಸವಿಯ ಆಚೀಚೆಯವರೆಗೂ ಇಟ್ಟಿಗಿಯ ನಮ್ಮ ಓಣಿಯಲ್ಲಿ ಐಷಾರಾಮ ಅಂದರೆ ಒಂದು ಕುರ್ಚಿ. ಈಗಿನವರು ನಗಲಿ. ಗೌಡರ ಮನೆಯಲ್ಲೂ ಕುರ್ಚಿಗಳಿದ್ದವು, ಆದರೆ ಅವು ಹೊಸ್ತಿಲು ದಾಟುತ್ತಿರಲಿಲ್ಲ. ಬಡವರ ಅಂಗಳಕ್ಕೆ ಇಳಿದು ಬರುತ್ತಿದ್ದುದು ಸುಂಕಪ್ಪನ ಕುರ್ಚಿಯೊಂದೇ.

ನಾಲ್ಕು ಟಗರು ಮಾರಿ ಎಮ್ಮೆ ತರುತ್ತೇನೆಂದು ಹಡಗಲಿ ಸಂತೆಗೆ ಹೋದವನು, ಮನೆ ಖಾಲಿ ಮಾಡುತ್ತಿದ್ದ ಯಾರೋ ಸಾಹೇಬರಿಂದ ತೇಗದ ಕೈಕುರ್ಚಿ ಕೊಂಡು, ಬಸ್ಸಿನ ನೆತ್ತಿಗೆ ಹೇರಿಕೊಂಡು ಬಂದಿದ್ದ. ಹೆಂಡತಿ ದ್ಯಾಮಕ್ಕ ಅದನ್ನು ಒಂದು ಸುತ್ತು ಬಂದಳು.

"ನಾಕು ಕಾಲು ಅದಾವು, ಖರೆ. ಕೆಚ್ಚಲು ಎಲ್ಲೈತಿ ತೋರ್ಸು, ಚರಗಿ ತರ್ತೀನಿ."

"ನೋಡ್ತಿರು, ಇದು ಹಾಲಿಗಿಂತ ಹೆಚ್ಚಿಂದು ಕೊಡ್ತೈತಿ" ಅಂದ ಸುಂಕಪ್ಪ.

ಕೊಟ್ಟಿತು. ಹೆಣ್ಣು ನೋಡಲು ಬೀಗರು ಬಂದರೂ, ಫೋಟೋ ತೆಗೆಸಿಕೊಳ್ಳುವುದಾದರೂ ಆ ಕುರ್ಚಿಯೇ ಆಗಬೇಕು. ಸುಮ್ಮನೆ ಕೇಳಿದರೆ ಅವನು ಕೊಡುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟು ಕರೆಯಬೇಕು: ಒಂದು ಅವನಿಗೆ, ಒಂದು ಕುರ್ಚಿಗೆ. ಆಮೇಲೆ ಎಣ್ಣೆಬಟ್ಟೆಯಿಂದ ಒರೆಸಿ, ತಾನೇ ಹೊತ್ತು ತಂದು, ನೆಲ ಸಮ ನೋಡಿ ಇಡುತ್ತಿದ್ದ. ಅದರಲ್ಲಿ ಕುಂತ ಬೀಗರು ಹೆಣ್ಣು ಒಲ್ಲೆವೆಂದು ಎದ್ದದ್ದನ್ನು ನಾನು ಕಾಣೆ.

ತೊಂಬತ್ತಾರೋ ತೊಂಬತ್ತೇಳೋ, ಶಾಮಿಯಾನದವರು ಪ್ಲಾಸ್ಟಿಕ್ ಕುರ್ಚಿ ತಂದರು. ಒಂದರೊಳಗೊಂದು ತುರುಕಿದ ಕೆಂಪು ಕುರ್ಚಿಗಳು ಟ್ರ್ಯಾಕ್ಟರಿನಿಂದ ಇಳಿದ ದಿನ, ಹುಟ್ಟಿದಾಗಿನಿಂದ ನೆಲಕ್ಕೆ ಕುಂತವರೆಲ್ಲ ಕಾಲ ಮೇಲೆ ಕಾಲು ಹಾಕಿ ಕುಂತರು. ಸುಳ್ಳೇಕೆ, ನಾನೂ ಕುಂತೆ. ಅದು ಒಳ್ಳೆಯದೇ ಆಯಿತು. ಸುಂಕಪ್ಪನ ಮನೆಗೆ ಮಾತ್ರ ಯಾರೂ ಎಲೆ ಅಡಿಕೆ ಹಿಡಿದು ಹೋಗದಾದರು.

ಎರಡು ವರ್ಷಕ್ಕೆ ಎದುರುಮನೆ ಕೆಂಚಕ್ಕನ ಮಗಳ ಮದುವೆ ಬಂತು. ಎದುರಿನವರೇ ಕರೆಯದಿದ್ದರೆ ಇನ್ನಾರೂ ತನ್ನ ಕುರ್ಚಿಯನ್ನು ಕರೆಯುವುದಿಲ್ಲವೆಂದು ಸುಂಕಪ್ಪನಿಗೆ ಗೊತ್ತಿತ್ತು. ಕೆಂಚಕ್ಕ ಬಂದಳು, ಎಲೆ ಅಡಿಕೆ ಕೊಟ್ಟಳು. ಅವನು ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

"ಇನ್ನೊಂದು?"

"ದ್ಯಾಮಕ್ಕಗ ಬ್ಯಾರೆ ಕೊಟ್ಟೀನಲ್ಲ ಮಾವ!"

ಮದುವೆಯ ಮುಂಜಾನೆ ಅವನು ಕುರ್ಚಿ ಒರೆಸಿ ತಲೆಗೇರಿಸಿದ.

"ಕರೀದ ಹೊಂಟೀಯೇನು?" ಅಂದಳು ದ್ಯಾಮಕ್ಕ.

"ನನ್ನ ಕರದಾರ. ಇದು ನನ್ನ ಜೋಡಿ ಬರ್ತೈತಿ."

ಹಂದರದ ಮುಂಭಾಗದಲ್ಲಿ, ಕೆಂಪು ಸಾಲಿನ ನಡುವೆ ಇಟ್ಟ. ಬಂದವರೆಲ್ಲ ಅದರ ತೋಳು ಸವರಿ ನೋಡಿದರು. ಕುಂತದ್ದು ಪಕ್ಕದ ಪ್ಲಾಸ್ಟಿಕ್ಕಿನಲ್ಲಿ. ಗಂಡಿನ ತಂದೆಯೂ ಕೈಮುಗಿದ. "ಇದು ದೊಡ್ಡೋರು ಕುಂದ್ರೋದು ಬಿಡ್ರಿ. ನಾವು ಇಲ್ಲೇ ಆರಾಮ ಅದೀವಿ."

ಮದುಮಕ್ಕಳ ತಲೆಮೇಲೆ ಅಕ್ಕಿಕಾಳು ಬಿದ್ದವು. ಕುರ್ಚಿ ಖಾಲಿಯೇ ಇತ್ತು. ಅದರ ಬೆನ್ನು ಹಿಡಿದು ನಿಂತಿದ್ದ ಸುಂಕಪ್ಪ ಕೆಂಚಕ್ಕನ ಕಣ್ಣಿಗೆ ಬಿದ್ದ.

"ಎಷ್ಟೊತ್ತು ನಿಂದರ್ತೀ ಮಾವ? ನೀನ ಕುಂದ್ರು."

"ನಾನಾ?"

ಆಗ ನನಗೆ ಹೊಳೆಯಿತು: ಇಷ್ಟು ವರ್ಷದಲ್ಲಿ ಅವನು ಅದರಲ್ಲಿ ಕುಂತದ್ದನ್ನು ಓಣಿಯ ಒಬ್ಬರೂ ಕಂಡಿಲ್ಲ. ಅವನು ರುಮಾಲಿನಿಂದ ಕುರ್ಚಿಯನ್ನು ಮತ್ತೊಮ್ಮೆ ಒರೆಸಿ, ಮೆಲ್ಲಗೆ ಕುಂತು, ಎರಡೂ ತೋಳಿನ ಮೇಲೆ ಕೈಯಿಟ್ಟ.

ದ್ಯಾಮಕ್ಕ ಹೆಂಗಸರ ನಡುವಿನಿಂದ ಎದ್ದು ಬಂದಳು. "ಹೆಂಗೈತಿ ಸಾಹೇಬ್ರ ಕುರ್ಚಿ?"

"ಕುಂಡಿಗೆ ಒತ್ತತೈತಲೇ," ಅಂದ ಸುಂಕಪ್ಪ ಪಿಸುದನಿಯಲ್ಲಿ. "ಅಷ್ಟು ಮಂದಿ ಬೀಗರು ಹೆಂಗ ತಡಕಂಡಿದ್ರೋ!"

ಊಟಕ್ಕೆ ಕರೆಯುವವರೆಗೂ ಅವನು ಏಳಲಿಲ್ಲ.