ಇಲಿಯ ಪಾಲಿನ ಪ್ರಸಾದ

ಇಂದಿರಾನಗರದ ಒಂದು ಲ್ಯಾಬ್‌ನಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಸಕ್ಕರೆ ಕಾಯಿಲೆಯ ಒಂದು ಇಲಿಗೆ, ಹಂದಿಯಿಂದ ತೆಗೆದ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕಸಿ ಮಾಡಿದ್ದರು. ನನ್ನ ಮಗಳು ಆರನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳುವವಳು. ಹಾಗಾಗಿ ಆ ಇಲಿಯ ಮೇಲೆ ನನಗೆ ಕೊಂಚ ಹೆಚ್ಚೇ ಆಸೆ.

ಒಂದು ಶುಕ್ರವಾರ ಹಲಸೂರಿನ ದೇವಸ್ಥಾನದಲ್ಲಿ ಅದಕ್ಕಾಗಿ ಅರ್ಚನೆ ಮಾಡಿಸಿದೆ. ಇಲಿಗೆ ನಂಬರಷ್ಟೇ ಇದ್ದುದರಿಂದ ಮಗಳ ಹೆಸರು, ನಕ್ಷತ್ರ ಹೇಳಿದೆ. ಲ್ಯಾಬ್‌ಗೆ ಬಂದು ಪ್ರಸಾದದ ಸಿಹಿ ಪೊಂಗಲ್ ಒಂದು ಚಿಟಿಕೆ ಅದರ ಪಂಜರದೊಳಗಿಟ್ಟೆ.

ಸ್ವಲ್ಪ ಹೊತ್ತಿಗೆ ಸಂಶೋಧಕಿ ಶೀಲಾ ಮೇಡಂ ಇಲಿಯ ರಕ್ತದ ಸಕ್ಕರೆ ಅಳೆದು, ಮೀಟರ್ ಹಿಡಿದು ನನ್ನ ಬಳಿ ಬಂದರು. “ಅಣ್ಣಾ, ಇದರ ಸಕ್ಕರೆ ಯಾಕೆ ಹೀಗೆ ಏರಿದೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಪ್ರಸಾದ ಕೊಟ್ಟೆ ಮೇಡಂ.”

ಅವರು ಮೀಟರ್ ಕೆಳಗಿಟ್ಟು, “ಹೊಸ ಜೀವಕೋಶಗಳು ಈಗಿನ್ನೂ ಬೇರೂರ್ತಿವೆ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದ್ರೆ ಬಿಡುವಿಲ್ದೆ ದುಡಿದು ಸತ್ತೇ ಹೋಗ್ತವೆ. ಅದಕ್ಕೇ ಇದಕ್ಕೂ ಇನ್ಸುಲಿನ್ ಕೊಡ್ತಿರೋದು. ಇನ್ಮೇಲೆ ನಿಮ್ಮ ಭಕ್ತಿ ಪಂಜರದ ಹೊರಗೇ ಇರಲಿ” ಎಂದರು.

“ನನ್ನ ಮಗಳಿಗೆ ಈ ಚಿಕಿತ್ಸೆ ಯಾವಾಗ ಸಿಗಬಹುದು ಮೇಡಂ?”

“ಗೊತ್ತಿಲ್ಲಣ್ಣಾ. ಅಲ್ಲಿವರೆಗೆ ಅವಳ ಸಕ್ಕರೆ ಹತೋಟೀಲಿಡಿ.”

ದೇವರ ದಯೆ, ಆ ಜೀವಕೋಶಗಳು ಉಳಿದವು. ಶುಕ್ರವಾರದ ಅರ್ಚನೆ ನಾನಿನ್ನೂ ತಪ್ಪಿಸಿಲ್ಲ. ಮಗಳು ಒಂದು ದಿನ ಅಪ್ಪಣೆಗಾಗಿ ಯಾರ ಮುಖವನ್ನೂ ನೋಡದೆ ದೊನ್ನೆ ತುಂಬ ಸಿಹಿ ಪೊಂಗಲ್ ತಿನ್ನಲಿ ಎಂದಷ್ಟೇ ಬೇಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಅವಳ ಪಾಲು, ಇಲಿಯ ಪಾಲು ಎರಡೂ ನನಗೇ. ಮೊನ್ನೆ ಮೇಡಂ ನನ್ನ ಹೊಟ್ಟೆ ನೋಡಿ, “ಬನ್ನಿ, ನಿಮಗೂ ಒಂದ್ಸಲ ಮೀಟರ್ ಹಿಡಿಯೋಣ” ಅಂದರು.